ಬೇಕಾದಾಗ ಯಾರು ಕೊಡ್ತಾರ?

ಬುದ್ಧ ಪೂರ್ಣಿಮೆ ಹತ್ತಿರ ಬಂತು. ನಮ್ಮ ಓಣಿಗಳಲ್ಲಿ ಮನೆಗಳಿಗೆ ಸುಣ್ಣ ಬಣ್ಣ ನಡೆದಿದೆ. ಅಟ್ಟದ ಮೇಲಿದ್ದ ಸಾಮಾನೆಲ್ಲ ಅಂಗಳಕ್ಕೆ ಇಳಿದಿದೆ. ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಒಬ್ಬ ತಂಗಿ ಕೇಳಿದ ಪ್ರಶ್ನೆಯನ್ನೇ ಇಂದಿನ ಚಿಂತನೆಗೆ ಎತ್ತಿಕೊಂಡಿದ್ದೇನೆ.

"ಸರ್, ನಮ್ಮತ್ತಿ ಒಂದು ಖಾಲಿ ಡಬ್ಬಿ ಸೈತ ಒಗಿಲಾಕ ಬಿಡಲ್ರಿ. ಮನ್ಯಾಗ ಕಾಲಿಡ್ಲಾಕ ಜಾಗ ಇಲ್ಲ. ಇದು ತೃಷ್ಣೆ ಅಲ್ಲೇನ್ರಿ? ಧಮ್ಮದಾಗ ಇದಕ್ಕ ಏನ್ ಹೇಳ್ಯಾರ?"

ಎಲ್ಲರೂ ನಕ್ಕರು. ಎಲ್ಲರ ಮನೆಯಲ್ಲೂ ಅಂಥ ಒಬ್ಬ ಅತ್ತೆ, ಒಬ್ಬ ಅವ್ವ, ಒಬ್ಬ ಅಪ್ಪ ಇದ್ದೇ ಇರುತ್ತಾರೆ. ನನಗೆ ಮಾತ್ರ ನಗು ಬರಲಿಲ್ಲ. ಅಂದು ಉತ್ತರವನ್ನೂ ಕೊಡಲಿಲ್ಲ. ಇಂದು ಕೊಡುವ ಪ್ರಯತ್ನ ಮಾಡುತ್ತೇನೆ. ಅದಕ್ಕೂ ಮೊದಲು ನನ್ನದೊಂದು ತಪ್ಪನ್ನು ನಿಮ್ಮೆಲ್ಲರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ಅವ್ವನಿಗೆ 70 ದಾಟಿದೆ. ಕಲಬುರಗಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಅವಳ ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ. ಅದರಲ್ಲಿ ಎರಡು ತಗಡಿನ ಟ್ರಂಕು, ಮೂರು ಗೋಣಿಚೀಲದ ತುಂಬ ಹಳೆಯ ಸೀರೆ, ಸಾಲಾಗಿ ಹಾರ್ಲಿಕ್ಸ್ ಬಾಟಲಿ, ಎಣ್ಣೆ ಡಬ್ಬಿ, ಮುರಿದ ಕೊಡೆ, ಹಿಡಿಕೆ ಹೋದ ಬಕೆಟ್ಟು, ಚೌಕಾಕಾರಕ್ಕೆ ಮಡಚಿ ದಾರ ಕಟ್ಟಿದ ಕ್ಯಾರಿಬ್ಯಾಗುಗಳು. ಮದುವೆಗಳಲ್ಲಿ ಆಯೇರಿ ಬಂದ ಸ್ಟೀಲ್ ಗ್ಲಾಸುಗಳಂತೂ ಲೆಕ್ಕಕ್ಕಿಲ್ಲ. ಮಲಗಲು ಉಳಿದದ್ದು ಒಂದು ಮೂಲೆ. ಏನನ್ನಾದರೂ ತೆಗೆಯೋಣ ಎಂದರೆ ಅವ್ವನದು ಒಂದೇ ಮಾತು: "ಇರ್ಲಿ ತಗಿ. ಬೇಕಾದಾಗ ಯಾರು ಕೊಡ್ತಾರ?"

ಎರಡು ವರ್ಷದ ಹಿಂದೆ, ಇದೇ ಪೂರ್ಣಿಮೆಯ ಹೊತ್ತಿಗೆ, ಅವ್ವ ಆಳಂದದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಳು. ನನ್ನ ಸಹೋದ್ಯೋಗಿಗಳು ಮನೆಗೆ ಊಟಕ್ಕೆ ಬರುವವರಿದ್ದರು. ಒಂದು ಭಾನುವಾರ ಬೆಳಗ್ಗೆ ಗುಜರಿಯವನನ್ನು ಕರೆದೆ. ನನ್ನ ಮನೆಯವರು ಹೇಳಿದರು, "ರೀ, ಅತ್ತಿಗಿ ಒಂದು ಮಾತ ಫೋನ್ ಮಾಡಿ ಕೇಳ್ರಿ." ನಾನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾಳೆಂದು ಗೊತ್ತಿತ್ತು. "ಎಲ್ಲಾ ಅನಿಚ್ಚ. ಒಂದು ದಿನ ಬಿಡಬೇಕಾದದ್ದೇ. ಅವಳಿಗೂ ಅಭ್ಯಾಸ ಆಗಲಿ" ಎಂದೆ. ಧಮ್ಮದ ಮಾತನ್ನು ಎಷ್ಟು ಸಲೀಸಾಗಿ ಬಳಸಿದೆ ನೋಡಿ.

ಟಂಟಂ ಗಾಡಿ ತುಂಬಿತು. ಗುಜರಿಯವನು ತೂಕ ಮಾಡಿ 840 ರೂಪಾಯಿ ಎಣಿಸಿದ. ನೆಲ ಒರೆಸಿದೆವು, ಬಣ್ಣ ಹಚ್ಚಿದೆವು, ಹೊಸ ಮಂಚ ಹಾಕಿದೆವು. ಕೋಣೆ ನೋಡಿ ನನಗೇ ಹೆಮ್ಮೆ ಅನಿಸಿತು.

ಅವ್ವ ಮರಳಿ ಬಂದಳು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಒಳಗೆ ಹೋಗಿ ಉಳಿದಿದ್ದ ಒಂದು ಟ್ರಂಕು ತೆಗೆದು ಕೈಯಾಡಿಸಿದಳು. ಆಮೇಲೆ ಕೇಳಿದಳು, "ನಿಮ್ಮಪ್ಪನ ತಾಟು?"

ಆಗ ನೆನಪಾಯಿತು. ನಡುವೆ ಕುಳಿ ಬಿದ್ದ ಒಂದು ಜರ್ಮನ್ ತಾಟು. ಅಂಚಿನಲ್ಲಿ ಮೊಳೆ ಬಡಿದು ಚುಕ್ಕಿ ಚುಕ್ಕಿಯಾಗಿ ಹಾಕಿದ ಅಪ್ಪನ ಹೆಸರಿನ ಮೊದಲ ಅಕ್ಷರ. ಅಪ್ಪ ನಮ್ಮ ಓಣಿಯಲ್ಲಿ ಮೊದಲು ಮೆಟ್ರಿಕ್ ಪಾಸಾದವನು. ಸರ್ಕಾರಿ ಹಾಸ್ಟೆಲಿಗೆ ಸೇರುವಾಗ ಅಜ್ಜ ಸಾಲ ಮಾಡಿ ಕೊಡಿಸಿದ ತಾಟು ಅದು. ಆ ತಾಟಿನಲ್ಲಿ ಉಂಡು ಅಪ್ಪ ಓದಿದ, ಶಾಲಾ ಮಾಸ್ತರನಾದ. ಅವನ ಸಂಬಳದಲ್ಲಿ ನಾನು ಓದಿದೆ. ಅದನ್ನು ನಾನು ಕಿಲೋ ಲೆಕ್ಕದಲ್ಲಿ ಮಾರಿದ್ದೆ.

ಗುಜರಿ ಅಂಗಡಿಗೆ ಓಡಿದೆ. ಮಾಲು ಹಿಂದಿನ ದಿನವೇ ಲಾರಿಗೆ ಹೋಗಿತ್ತು. ಮೂರು ದಿನ ಅವ್ವ ನನ್ನ ಜೊತೆ ಮಾತಾಡಲಿಲ್ಲ. ಆ 840 ರೂಪಾಯಿ ಕೈಗೆ ಕೊಡಹೋದರೆ ಮುಟ್ಟಲಿಲ್ಲ. ನಾಲ್ಕನೆಯ ದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು: "ನೀ ಕೇಳಿದ್ರ ಕೊಡ್ತಿದ್ದೆ. ತಾಟು ಅಲ್ಲ, ಉಳಿದದ್ದು ಕೊಡ್ತಿದ್ದೆ. ನೀ ಕೇಳಲಿಲ್ಲ."

ಬಂಧುಗಳೇ, ಅಂದು ಸಂಜೆ ವಂದನೆಗೆ ಕುಳಿತಾಗ ಪಂಚಶೀಲದ ಎರಡನೆಯ ಶೀಲದ ಬಳಿ ನನ್ನ ನಾಲಿಗೆ ನಿಂತಿತು. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳುವುದಿಲ್ಲ ಎಂಬ ಶೀಲ ಅದು. ಅಷ್ಟು ವರ್ಷ ಅದನ್ನು ಕಳ್ಳತನ ಮಾಡಬಾರದು ಎಂದಷ್ಟೇ ತಿಳಿದಿದ್ದೆ. ನಾನು ಕಳ್ಳನಲ್ಲ, ಆದ್ದರಿಂದ ಆ ಶೀಲ ನನಗೆ ಸುಲಭ ಎಂದುಕೊಂಡಿದ್ದೆ. ಅವ್ವ ಕೊಡದೇ ಇದ್ದದ್ದನ್ನು ನಾನು ತೆಗೆದುಕೊಂಡಿದ್ದೆ. ಅದಕ್ಕೆ ತ್ಯಾಗ ಎಂಬ ಹೆಸರಿಟ್ಟಿದ್ದೆ. ತ್ಯಾಗ ಮಾಡಬೇಕಾದವಳು ಅವಳು. ಅವಳ ಪರವಾಗಿ ನಾನು ಮಾಡಿದರೆ ಅದು ದಾನವೂ ಆಗುವುದಿಲ್ಲ, ತ್ಯಾಗವೂ ಆಗುವುದಿಲ್ಲ.

ಇನ್ನೊಂದನ್ನೂ ನೋಡಿಕೊಂಡೆ. ತೃಷ್ಣೆ ಅವ್ವನಲ್ಲಿ ಇತ್ತೋ ನನ್ನಲ್ಲಿ ಇತ್ತೋ? ಸಹೋದ್ಯೋಗಿಗಳು ನಮ್ಮ ಮನೆಯನ್ನು ನೋಡಿ 'ಇವರ ಮನೆ ಹೀಗೇ' ಅಂದುಕೊಂಡಾರು ಎಂಬ ಅಳುಕು ನನಗಿತ್ತು. 'ಇವರು' ಎಂಬ ಮಾತಿನಲ್ಲಿ ಏನಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮನ್ನು ಹೊಲಸು ಎಂದು ಕರೆದವರ ಕಣ್ಣು ನನ್ನ ತಲೆಯೊಳಗೆ ಕುಳಿತಿತ್ತು. ಆ ಕಣ್ಣಿಗೆ ಹೆದರಿ ನನ್ನ ಅವ್ವನ ಕೋಣೆಯನ್ನು ತೊಳೆದೆ. ವಸ್ತು ಬೇಕು ಎಂಬುದು ಒಂದು ಬಗೆಯ ಹಂಬಲವಾದರೆ, ಇದು ನನ್ನ ಕಣ್ಣೆದುರು ಇರಲೇಬಾರದು ಎಂಬುದೂ ಹಂಬಲವೇ. ಬುದ್ಧರು ಭವತೃಷ್ಣೆಯ ಪಕ್ಕದಲ್ಲೇ ವಿಭವತೃಷ್ಣೆಯನ್ನೂ ಹೇಳಿದ್ದಾರೆ. ಅದರ ನೆರಳು ನನ್ನ ಮೇಲೆ ಬಿದ್ದಿತ್ತು.

ಈಗ ಅವ್ವನ ಮಾತಿಗೆ ಬರೋಣ. ಬೇಕಾದಾಗ ಯಾರು ಕೊಡ್ತಾರ? ಇದನ್ನು ಜಿಪುಣತನ ಎಂದು ತಳ್ಳಿಹಾಕಬೇಡಿ. ಇದು ನಮ್ಮ ಜನರು ಸಾವಿರಾರು ವರ್ಷ ಅನುಭವಿಸಿ ಕಲಿತ ಪಾಠ.

ಶೂದ್ರನಿಗೆ ಶಕ್ತಿಯಿದ್ದರೂ ಸಂಪತ್ತು ಕೂಡಿಡುವ ಹಕ್ಕಿಲ್ಲ ಎಂದು ಮನುಸ್ಮೃತಿ ವಿಧಿಸಿತು. ಚಂಡಾಲರು ಊರ ಹೊರಗಿರಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಸತ್ತವರ ಬಟ್ಟೆ ಉಡಬೇಕು, ಕಬ್ಬಿಣದ ಒಡವೆ ತೊಡಬೇಕು ಎಂದೂ ವಿಧಿಸಿತು. ಅಂದರೆ ಯಾವ ಮನೆಯಲ್ಲಿ ಯಾವ ಪಾತ್ರೆ ಇರಬೇಕು ಎಂಬುದನ್ನೂ ಜಾತಿಯೇ ನಿರ್ಧರಿಸುತ್ತಿತ್ತು. ಬಾಬಾಸಾಹೇಬರು 1936ರ ತಮ್ಮ 'ಜಾತಿ ವಿನಾಶ'ದಲ್ಲಿ ಒಂದು ಘಟನೆಯನ್ನು ಹೇಳುತ್ತಾರೆ. 1935ರ ನವೆಂಬರಿನಲ್ಲಿ ಗುಜರಾತಿನ ಅಹಮದಾಬಾದ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಸ್ಪೃಶ್ಯ ಹೆಣ್ಣುಮಕ್ಕಳು ಲೋಹದ ಕೊಡದಲ್ಲಿ ನೀರು ತರಲು ಶುರು ಮಾಡಿದರು. ಅವರು ತಕ್ಕಮಟ್ಟಿಗೆ ಅನುಕೂಲಸ್ಥ ಮನೆಯವರೇ. ಲೋಹದ ಕೊಡ ಹಿಡಿದದ್ದೇ ಸೊಕ್ಕು ಎಂದು ಸವರ್ಣೀಯರು ಅವರ ಮೇಲೆ ಕೈ ಮಾಡಿದರು. ಒಂದು ಕೊಡಕ್ಕಾಗಿ!

ನಮ್ಮ ಅವ್ವ ಚಿಕ್ಕವಳಿದ್ದಾಗ ಹೊಲದ ಕೆಲಸಕ್ಕೆ ಹೋದರೆ ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರಂತೆ. ಹೋಟೆಲಿನ ಹಿಂದಿನ ಗೋಡೆಯ ಗೂಡಿನಲ್ಲಿ ನಮ್ಮವರ ಚಹಾದ ಕಪ್ಪು ಬೇರೆ ಇಟ್ಟಿರುತ್ತಿದ್ದರಂತೆ. ಕುಡಿದು ತಾವೇ ತೊಳೆದಿಡಬೇಕು. ಅಂಥ ಹುಡುಗಿಗೆ ಮುಂದೆ ತನ್ನದೇ ಮನೆಯಲ್ಲಿ, ತನ್ನದೇ ಕಪಾಟಿನಲ್ಲಿ, ಥಳಥಳಿಸುವ ನಲವತ್ತು ಸ್ಟೀಲ್ ಗ್ಲಾಸುಗಳು ಸಾಲಾಗಿ ನಿಂತಾಗ ಏನನಿಸಿರಬೇಕು? ಯಾರಾದರೂ ಮನೆಗೆ ಬಂದರೆ ಎಲ್ಲರಿಗೂ ಒಂದೇ ಬಗೆಯ ಗ್ಲಾಸಿನಲ್ಲಿ ನೀರು ಕೊಡಬಲ್ಲೆ ಎಂಬ ಧೈರ್ಯ ಅದು. ನಾನು ಅದನ್ನು ಕಸ ಎಂದೆ.

ಈಗ ಕಡಿಮೆ ಸಾಮಾನಿನಲ್ಲಿ ಬದುಕಿ ಎಂಬ ಉಪದೇಶ ಎಲ್ಲ ಕಡೆ ಕೇಳುತ್ತದೆ. ಒಳ್ಳೆಯ ಮಾತೇ. ಆದರೆ ಇಂದು ಎಸೆದದ್ದನ್ನು ನಾಳೆ ಮತ್ತೆ ಕೊಳ್ಳಬಲ್ಲವನಿಗೆ ಎಸೆಯುವುದು ಸುಲಭ. ಒಂದು ಬಕೆಟ್ಟಿಗೆ ಎರಡು ದಿನದ ಕೂಲಿ ಕೊಟ್ಟವಳು ಹಿಡಿಕೆ ಮುರಿಯಿತೆಂದು ಅದನ್ನು ಎಸೆಯುವುದಿಲ್ಲ. ಎಸೆಯದೇ ಇದ್ದುದರಿಂದಲೇ ಅವಳು ನಮ್ಮನ್ನು ಸಾಕಿದಳು ಎಂಬುದನ್ನು ಮರೆಯಬಾರದು.

ಧಮ್ಮವೂ ಬಡತನವನ್ನು ಹೊಗಳುವುದಿಲ್ಲ. ಬುದ್ಧರು ಬಡತನವನ್ನು ವೈಭವೀಕರಿಸಲಿಲ್ಲ ಎಂಬುದನ್ನು ಬಾಬಾಸಾಹೇಬರು ಒತ್ತಿ ಹೇಳಿದರು. ಅಂಗುತ್ತರ ನಿಕಾಯದಲ್ಲಿ ದೀಘಜಾಣು ಎಂಬ ಗೃಹಸ್ಥ ಬುದ್ಧರ ಬಳಿ ಬಂದು, ನಾವು ಹೆಂಡಿರು ಮಕ್ಕಳೊಂದಿಗೆ ಬದುಕುವವರು, ನಮಗೆ ಹಿತವಾದದ್ದನ್ನು ಹೇಳಿ ಎಂದು ಕೇಳಿಕೊಳ್ಳುತ್ತಾನೆ. ಬುದ್ಧರು ಅವನಿಗೆ ಎಲ್ಲವನ್ನೂ ಬಿಟ್ಟುಬಿಡು ಎನ್ನಲಿಲ್ಲ. ಶ್ರಮಪಟ್ಟು ದುಡಿ, ದುಡಿದದ್ದನ್ನು ಕಾಪಾಡಿಕೊ, ಒಳ್ಳೆಯವರ ಗೆಳೆತನ ಮಾಡು, ಆದಾಯಕ್ಕೆ ತಕ್ಕಂತೆ ಬಾಳು ಎಂದರು. ಕಾಪಾಡಿಕೊಳ್ಳುವುದೂ ಗೃಹಸ್ಥನ ಧಮ್ಮವೇ.

ಬಾಬಾಸಾಹೇಬರನ್ನೇ ನೋಡಿ. ಪುಸ್ತಕಗಳ ವಿಷಯದಲ್ಲಿ ಅವರಷ್ಟು ಕೂಡಿಟ್ಟವರು ಯಾರಿದ್ದಾರೆ? 1917ರಲ್ಲಿ ಲಂಡನ್ನಿನಿಂದ ಮರಳುವಾಗ ಅವರ ಪುಸ್ತಕಗಳನ್ನು ಹೊತ್ತ ಹಡಗು ಯುದ್ಧಕಾಲದ ಟಾರ್ಪಿಡೊ ದಾಳಿಗೆ ಸಿಕ್ಕಿ ಮುಳುಗಿತು. ಹೊಟ್ಟೆಗೆ ಕಡಿಮೆ ಮಾಡಿಕೊಂಡು ಕೊಂಡ ಪುಸ್ತಕಗಳು ಸಮುದ್ರದ ಪಾಲಾದವು. ಅವರು ಮತ್ತೆ ಕೂಡಿಸಿದರು. ದಾದರಿನ ರಾಜಗೃಹವನ್ನು ಪುಸ್ತಕಗಳಿಗಾಗಿಯೇ ಎಂಬಂತೆ ಕಟ್ಟಿಸಿದರು. ಮುಂದೆ ಅವರ ಅನೇಕ ಪುಸ್ತಕಗಳು ಮುಂಬಯಿಯ ಸಿದ್ಧಾರ್ಥ ಕಾಲೇಜಿನ ಗ್ರಂಥಾಲಯ ಸೇರಿದವು. ನಮ್ಮ ಮಕ್ಕಳು ಓದಲೆಂದು ಅವರೇ ಕಟ್ಟಿದ ಸಂಸ್ಥೆಯ ಕಾಲೇಜು ಅದು.

ಹಾಗಾದರೆ ಎಲ್ಲವನ್ನೂ ಇಟ್ಟುಕೊಂಡೇ ಇರೋಣವೇ? ಅವ್ವ ಮಾಡಿದ್ದೆಲ್ಲ ಸರಿಯೇ? ಅಲ್ಲಿಯೂ ಎಚ್ಚರ ಬೇಕು, ಬಂಧುಗಳೇ.

ಅವ್ವನ ಟ್ರಂಕಿನಲ್ಲಿ ಹೊಸ ಸೀರೆಗಳಿದ್ದವು. 'ಒಳ್ಳೆಯ ದಿನಕ್ಕೆ ಇರ್ಲಿ' ಎಂದು ಇಟ್ಟವು. ಉಡದೇ ಇಟ್ಟು ಇಟ್ಟು ಮಡಿಕೆಯ ಗೆರೆಗಳಲ್ಲೇ ಹರಿದಿದ್ದವು. ಹೊಸ ತಾಟುಗಳು ಪ್ಲಾಸ್ಟಿಕ್ ಬಿಚ್ಚದೆ ಹಾಗೇ ಇದ್ದವು, ಅವಳು ಉಣ್ಣುತ್ತಿದ್ದುದು ಕುಳಿ ಬಿದ್ದ ಹಳೆಯ ತಾಟಿನಲ್ಲಿ. ಮಳೆಗಾಲದಲ್ಲಿ ಗೋಣಿಚೀಲದೊಳಗೆ ಇಲಿ ಮರಿ ಹಾಕಿತ್ತು. ರಾತ್ರಿ ಎದ್ದಾಗ ಎಡವಿ ಬಿದ್ದು ಒಮ್ಮೆ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಿದ್ದಳು. ಸಾಮಾನಿಗೆ ಜಾಗ ಬಿಟ್ಟು ಬಿಟ್ಟು ಅವಳಿಗೇ ಜಾಗವಿರಲಿಲ್ಲ.

ಸಂಯುತ್ತ ನಿಕಾಯದಲ್ಲಿ ಶ್ರಾವಸ್ತಿಯ ಒಬ್ಬ ಗೃಹಪತಿಯ ಕಥೆ ಬರುತ್ತದೆ. ಮಕ್ಕಳಿಲ್ಲದೆ ಸತ್ತ ಅವನ ಅಪಾರ ಸಂಪತ್ತನ್ನು ಪಸೇನದಿ ರಾಜ ಅರಮನೆಗೆ ಸಾಗಿಸಿ ಬಂದು ಬುದ್ಧರಿಗೆ ಹೇಳುತ್ತಾನೆ: ಅಷ್ಟು ಇದ್ದರೂ ಅವನು ನುಚ್ಚಕ್ಕಿ, ಹುಳಿ ಗಂಜಿ ಉಣ್ಣುತ್ತಿದ್ದ, ಒರಟು ಬಟ್ಟೆ ಉಡುತ್ತಿದ್ದ, ಮುರುಕು ಗಾಡಿಯಲ್ಲಿ ಓಡಾಡುತ್ತಿದ್ದ. ಯಾರೂ ಸುಳಿಯದ ಜಾಗದಲ್ಲಿರುವ ತಿಳಿನೀರಿನ ಕೊಳಕ್ಕೆ ಬುದ್ಧರು ಅಂಥ ಸಂಪತ್ತನ್ನು ಹೋಲಿಸುತ್ತಾರೆ. ನೀರು ಸಿಹಿಯೇ. ಕುಡಿಯುವವರಿಲ್ಲ, ಮೀಯುವವರಿಲ್ಲ. ಅದು ಹಾಗೇ ಬತ್ತಿ ಹೋಗುತ್ತದೆ. ಆ ಗೃಹಪತಿಗೂ ನಮ್ಮ ಅವ್ವನಿಗೂ ಅಜಗಜಾಂತರ ವ್ಯತ್ಯಾಸವಿದೆ. ಅವನದು ಲೋಭ, ಅವ್ವನದು ಭಯ. ಆದರೂ ತನಗಿರುವುದನ್ನು ತಾನೇ ಉಣ್ಣದ, ಉಡದ ಸಂಕಟ ಇಬ್ಬರದೂ.

ಈ ಭಯ ಎಲ್ಲಿಂದ ಬರುತ್ತದೆ? ದೀಘ ನಿಕಾಯದ ಅಗ್ಗಞ್ಞ ಸುತ್ತದಲ್ಲಿ ಇದಕ್ಕೊಂದು ಒಳನೋಟವಿದೆ. ಹುಟ್ಟಿನಿಂದ ಶ್ರೇಷ್ಠತೆ ಎಂಬ ಬ್ರಾಹ್ಮಣರ ವಾದವನ್ನು ಬುದ್ಧರು ಅಲ್ಲಗಳೆಯುವ ಸುತ್ತ ಅದು. ಅದರಲ್ಲಿ ಬರುವ ಕಥೆಯಂತೆ ಮೊದಲು ಹೊಟ್ಟು ತೌಡು ಇಲ್ಲದ ಅಕ್ಕಿ ತಾನಾಗಿಯೇ ಬೆಳೆಯುತ್ತಿತ್ತು. ಜನ ಸಂಜೆಯದು ಸಂಜೆ, ಬೆಳಗಿನದು ಬೆಳಗ್ಗೆ ತರುತ್ತಿದ್ದರು. ಕೊಯ್ದಲ್ಲಿ ಮತ್ತೆ ಬೆಳೆಯುತ್ತಿತ್ತು. ಒಬ್ಬ ಸೋಮಾರಿ ಎರಡು ಹೊತ್ತಿನದನ್ನು ಒಮ್ಮೆಲೇ ತಂದಿಟ್ಟ. ಅವನನ್ನು ನೋಡಿ ಇನ್ನೊಬ್ಬ ಎರಡು ದಿನದ್ದು ತಂದ. ಮತ್ತೊಬ್ಬ ನಾಲ್ಕು ದಿನದ್ದು, ಮಗದೊಬ್ಬ ಎಂಟು ದಿನದ್ದು. ಕೂಡಿಡುವುದು ಶುರುವಾದ ಮೇಲೆ ಅಕ್ಕಿಗೆ ಹೊಟ್ಟು ಬಂತು, ಕೊಯ್ದಲ್ಲಿ ಮತ್ತೆ ಬೆಳೆಯದಾಯಿತು. ಹೊಲಕ್ಕೆ ಬದು ಹಾಕಿಕೊಂಡರು. ಆಮೇಲೆ ಒಬ್ಬ ಕೊಡದೇ ಇದ್ದದ್ದನ್ನು ತೆಗೆದುಕೊಂಡ. ಕಳ್ಳತನ, ಸುಳ್ಳು, ಶಿಕ್ಷೆ ಎಲ್ಲ ಅಲ್ಲಿಂದ ಬಂದವು.

ಈ ಕಥೆಯಲ್ಲಿ ನನಗೆ ಕಾಣುವುದು ಇದು: ನಾಳೆ ನನಗೆ ಸಿಗುತ್ತದೆ ಎಂಬ ನಂಬಿಕೆ ಇರುವ ತನಕ ಯಾರೂ ಕೂಡಿಡುವುದಿಲ್ಲ. ಪಕ್ಕದವನ ಮೇಲಿನ ನಂಬಿಕೆ ಹೋದಾಗ ಮನೆ ತುಂಬಿಸಿಕೊಳ್ಳುತ್ತೇವೆ. ಅವ್ವನ ಕೋಣೆಯಲ್ಲಿ ತುಂಬಿದ್ದುದು ಆ ಅಪನಂಬಿಕೆ. ಸಾಮಾನನ್ನು ಮಾರಿ ನಾನು ಅದನ್ನು ತೆಗೆದೆನೇ? ಇನ್ನಷ್ಟು ಗಟ್ಟಿ ಮಾಡಿದೆ. ಹೊರಗಿನವರು ಕೊಡುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಹೊಟ್ಟೆಯಲ್ಲಿ ಹುಟ್ಟಿದವನೂ ಕೇಳದೆ ಒಯ್ಯುತ್ತಾನೆ ಎಂಬುದನ್ನು ನಾನು ಕಲಿಸಿದೆ. ಆ ಘಟನೆಯಾದ ತಿಂಗಳೊಳಗೆ ಅವಳ ಮಂಚದ ಕೆಳಗೆ ಮತ್ತೆ ಡಬ್ಬಿಗಳು ಸೇರತೊಡಗಿದವು. ಈ ಸಲ ಟ್ರಂಕಿಗೆ ಬೀಗ ಬಿತ್ತು.

ಇದೇ ಅವ್ವ ಬಿಡಲಾರದವಳಲ್ಲ ಎಂಬುದು ನನಗೆ ಆಗ ನೆನಪಾಯಿತು.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯವರು ದೀಕ್ಷೆ ತೆಗೆದುಕೊಂಡರು. ಜಗಲಿಯ ಮೇಲೆ ಅಜ್ಜಿಯ ಕಾಲದಿಂದ ಪೂಜೆ ಮಾಡುತ್ತಿದ್ದ ದೇವರುಗಳಿದ್ದವು. ಹೆರಿಗೆಯಾದರೂ ಜ್ವರ ಬಂದರೂ ಅವುಗಳ ಮುಂದೆ ಕೈ ಮುಗಿದವಳು ಅವ್ವ. 22 ಪ್ರತಿಜ್ಞೆಗಳನ್ನು ಹೇಳಿದ ಮೇಲೆ ಅವಳು ತಾನೇ ಜಗಲಿಯಿಂದ ದೇವರುಗಳನ್ನು ಇಳಿಸಿದಳು, ತಾನೇ ಬುಟ್ಟಿಗೆ ಹಾಕಿದಳು, ತಾನೇ ಭೀಮಾ ನದಿಯಲ್ಲಿ ಬಿಟ್ಟು ಬಂದಳು. ಮನೆಗೆ ಬಂದು ಖಾಲಿ ಜಗಲಿಯ ಮೇಲೆ ಬುದ್ಧರ, ಬಾಬಾಸಾಹೇಬರ ಫೋಟೊ ಇಟ್ಟಳು. ಕ್ಯಾರಿಬ್ಯಾಗು ಬಿಡಲಾರದವಳು ದೇವರನ್ನು ಬಿಟ್ಟಳು! ಹೇಗೆ ಸಾಧ್ಯವಾಯಿತು?

ಅವಳು ಒಬ್ಬಳೇ ಹೋಗಿರಲಿಲ್ಲ. ಇಡೀ ಓಣಿ ಹೋಗಿತ್ತು. ಪ್ರತಿಯೊಬ್ಬ ಹೆಣ್ಣುಮಗಳ ಕೈಯಲ್ಲೂ ಒಂದೊಂದು ಬುಟ್ಟಿ. ಯಾಕೆ ಬಿಡುತ್ತಿದ್ದೇವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾಳೆ ಕಷ್ಟ ಬಂದರೆ ಯಾರ ಬಾಗಿಲಿಗೆ ಹೋಗಬೇಕು ಎಂಬುದೂ ಗೊತ್ತಿತ್ತು.

ನಮ್ಮ ಚಳವಳಿಯ ಇತಿಹಾಸವೇ ಹೀಗೆ ಬಿಟ್ಟದ್ದರ ಇತಿಹಾಸ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಉದ್ದೇಶಿಸಿ ಮಾತಾಡಿದರು. ಕೊರಳಿಗೂ ಕೈಗೂ ಹೇರಿಕೊಂಡ ಆ ಭಾರದ ಆಭರಣಗಳು ನಿಮ್ಮನ್ನು ಅಸ್ಪೃಶ್ಯರೆಂದು ಗುರುತಿಸುವ ಚಿಹ್ನೆ, ಅವನ್ನು ಬಿಡಿ, ಸೀರೆಯನ್ನು ಇತರ ಹೆಣ್ಣುಮಕ್ಕಳಂತೆ ಉಡಿ ಎಂದು ತಿಳಿಸಿ ಹೇಳಿದರು. ಯಾರೂ ಅವರ ಮೈಮೇಲಿನ ಒಡವೆ ಕಿತ್ತುಕೊಳ್ಳಲಿಲ್ಲ. ಅವರೇ ಬಿಚ್ಚಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಆದ ಮೇಲೆ ಊರೂರಿನಲ್ಲಿ ಜನ ಮನೆದೇವರನ್ನು ಹೊಳೆಗೆ, ಬಾವಿಗೆ ಬಿಟ್ಟದ್ದೂ ಹೀಗೆಯೇ. ತಿಳಿದು, ತಮ್ಮ ಕೈಯಾರೆ, ನಾಲ್ಕು ಜನರ ಜೊತೆಯಲ್ಲಿ.

ತಂಗಿಯ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ನಿಮ್ಮತ್ತೆಯಲ್ಲಿ ತೃಷ್ಣೆ ಇರಬಹುದು, ಎಲ್ಲರಲ್ಲೂ ಇದೆ. ಆದರೆ ಅದರ ಬೇರಿನಲ್ಲಿ 'ಯಾರು ಕೊಡ್ತಾರ' ಎಂಬ ಭಯವಿದೆ. ಡಬ್ಬಿ ಎಸೆದರೆ ಆ ಭಯ ಹೋಗುವುದಿಲ್ಲ. 'ನಾವು ಕೊಡ್ತೀವಿ' ಎನ್ನುವ ಜನ ಸುತ್ತ ಇದ್ದಾರೆ ಎಂದು ಕಣ್ಣಾರೆ ಕಂಡಾಗ ಹೋಗುತ್ತದೆ. ಸಂಘ ಶರಣ ಎಂದು ದಿನಾ ಹೇಳುತ್ತೇವಲ್ಲ, ಅದರ ಅರ್ಥ ಇದೂ ಹೌದು.

ಆಮೇಲೆ ನಮ್ಮ ಮನೆಯಲ್ಲಿ ಏನಾಯಿತು ಎಂದು ಹೇಳಿಬಿಡುತ್ತೇನೆ. ದೊಡ್ಡ ಪವಾಡವೇನೂ ಆಗಲಿಲ್ಲ.

ನಾನು ಅವ್ವನ ಕಾಲು ಮುಟ್ಟಿ ತಪ್ಪಾಯಿತು ಎಂದೆ. "ನಿನ್ನ ಕೋಣೆಯ ಒಂದು ಕಡ್ಡಿಯನ್ನೂ ನೀನು ಹೇಳದೆ ಮುಟ್ಟುವುದಿಲ್ಲ" ಎಂದು ಮಾತು ಕೊಟ್ಟೆ. ದಿನಾ ಸಂಜೆ ವಂದನೆ ಆದ ಮೇಲೆ ಅರ್ಧ ಗಂಟೆ ಅವಳ ಕೋಣೆಯಲ್ಲಿ ಕುಳಿತುಕೊಳ್ಳತೊಡಗಿದೆ. ಅವಳು ಒಂದು ವಸ್ತು ತೆಗೆದು ಅದರ ಕಥೆ ಹೇಳುವಳು. ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವೆ. ಮುರಿದ ಕೊಡೆ ಅಪ್ಪನ ಮೊದಲ ಸಂಬಳದ್ದು. ಒಂದು ಸಣ್ಣ ಡಬ್ಬಿ ನಾನು ಶಾಲೆಗೆ ರೊಟ್ಟಿ ಒಯ್ಯುತ್ತಿದ್ದದ್ದು. ಎಷ್ಟೋ ವಸ್ತುಗಳಿಗೆ ಕಥೆಯೇ ಇರಲಿಲ್ಲ. "ಇದು ಯಾಕ ಇಟ್ಟೀನೋ ಯವ್ವಾ!" ಎಂದು ಅವಳೇ ನಕ್ಕು ಪಕ್ಕಕ್ಕಿಟ್ಟಳು. ಹೇಳಿಯಾದ ಮೇಲೆ ಎಷ್ಟೋ ವಸ್ತುಗಳ ಹಿಡಿತ ಸಡಿಲವಾಯಿತು. ನೆನಪನ್ನು ಹೊರುವ ಕೆಲಸ ಇಷ್ಟು ದಿನ ಆ ವಸ್ತುಗಳ ಮೇಲಿತ್ತು, ಈಗ ಕೇಳುವ ಕಿವಿಯೊಂದು ಸಿಕ್ಕಿತ್ತು.

ಹಳೆಯ ಸೀರೆಗಳ ವಿಷಯ ಬಂದಾಗ ಆನಂದ ಭಿಕ್ಷುವಿನ ಕಥೆ ಹೇಳಿದೆ. ಕೋಸಂಬಿಯ ಉದೇನ ರಾಜನ ಅರಮನೆಯ ಹೆಂಗಸರು ಆನಂದರಿಗೆ 500 ಚೀವರಗಳನ್ನು ದಾನ ಕೊಟ್ಟರು. ಇಷ್ಟನ್ನು ತೆಗೆದುಕೊಂಡು ಏನು ಮಾಡುತ್ತೀರಿ, ಅಂಗಡಿ ಇಡುತ್ತೀರಾ ಎಂಬಂತೆ ರಾಜ ಕೇಳಿದ. ಚೀವರ ಹರಿದ ಭಿಕ್ಷುಗಳಿಗೆ ಹಂಚುತ್ತೇವೆ ಎಂದರು ಆನಂದರು. ಹಳೆಯ ಚೀವರ? ಹೊದಿಕೆ ಮಾಡುತ್ತೇವೆ. ಹಳೆಯ ಹೊದಿಕೆ? ಹಾಸಿಗೆಯ ಗವಸು. ಅದು ಹಳತಾದರೆ? ನೆಲಕ್ಕೆ ಹಾಸು. ಆಮೇಲೆ? ಕಾಲೊರೆಸುವ ಬಟ್ಟೆ. ಆಮೇಲೆ ಧೂಳು ಒರೆಸುವ ಬಟ್ಟೆ. ಅದೂ ಹರಿದರೆ ಚೂರು ಮಾಡಿ ಮಣ್ಣಿನಲ್ಲಿ ಕಲಸಿ ನೆಲ ಮೆತ್ತುತ್ತೇವೆ. ರಾಜ ಸಂತೋಷಪಟ್ಟು ಇನ್ನೂ 500 ಕೊಟ್ಟನಂತೆ.

ಅವ್ವ ಕೇಳಿ, "ಇದರಾಗೇನೈತಿ, ನಾವೂ ಕೌದಿ ಹೊಲಿತಿದ್ವಿ" ಎಂದಳು. ನಿಜ. ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದು ಕೌದಿ ಮಾಡಿ, ಅದು ಹರಿದರೆ ತೊಟ್ಟಿಲಿಗೆ ಹಾಸಿ, ಕೊನೆಗೆ ಒರೆಸುವ ಅರಿವೆ ಮಾಡಿದ ನಮ್ಮ ಅವ್ವಂದಿರಿಗೆ ವಿನಯ ಪಿಟಕವನ್ನು ಯಾರೂ ಓದಿ ಹೇಳಿರಲಿಲ್ಲ. ಆನಂದರ ಚೀವರವಾಗಲಿ ಅವ್ವನ ಕೌದಿಯಾಗಲಿ ಎಲ್ಲಿಯೂ ನಿಂತಿರಲಿಲ್ಲ, ಒಬ್ಬರಿಂದ ಒಬ್ಬರಿಗೆ ಹರಿಯುತ್ತಿತ್ತು. ಆ ಗೋಣಿಚೀಲಗಳು ನಮ್ಮ ಮನೆ ಬಿಟ್ಟು ಮೂರು ಕೌದಿಯಾದವು. ಓಣಿಯ ಇಬ್ಬರು ಬಾಣಂತಿಯರಿಗೆ ಒಂದೊಂದು, ವಿಹಾರಕ್ಕೆ ಒಂದು.

ಉಳಿದ ಗ್ಲಾಸುಗಳಲ್ಲಿ 24ನ್ನು ಅವ್ವ ತಾನೇ ಎಣಿಸಿ ವಿಹಾರಕ್ಕೆ ಕೊಟ್ಟಳು. ಪೂರ್ಣಿಮೆಯ ದಿನ ಬಂದವರೆಲ್ಲ ಅವುಗಳಲ್ಲೇ ನೀರು ಕುಡಿದರು. ಅವ್ವ ಹೆಸರು ಹಾಕಿಸಿಯೇ ಕೊಟ್ಟಿದ್ದಾಳೆ. ಈಗಲೂ ಪ್ರತಿ ಪೂರ್ಣಿಮೆಗೆ ಹೋಗಿ 24 ಇವೆಯೋ ಇಲ್ಲವೋ ಎಣಿಸುತ್ತಾಳೆ. ಇರಲಿ. ಬಿಡುವುದನ್ನು ನಾವು ಒಂದೇ ದಿನದಲ್ಲಿ ಕಲಿಯುವುದಿಲ್ಲ. ಕೋಣೆಯಲ್ಲಿ ಇನ್ನೂ ಸಾಕಷ್ಟು ಸಾಮಾನಿದೆ. ಆದರೆ ಟ್ರಂಕಿಗೆ ಬೀಗವಿಲ್ಲ, ಮಂಚದಿಂದ ಬಾಗಿಲಿನವರೆಗೆ ದಾರಿಯಿದೆ. ಅಪ್ಪನ ತಾಟು ಮಾತ್ರ ಮರಳಿ ಬರಲಿಲ್ಲ. ಅದು ನನ್ನ ಲೆಕ್ಕದಲ್ಲಿ ಉಳಿದ ಸಾಲ.

ಒಂದು ಎಚ್ಚರಿಕೆಯ ಮಾತು. ಕೆಲವರಲ್ಲಿ ಇದು ಕಾಯಿಲೆಯ ಮಟ್ಟಕ್ಕೂ ಹೋಗುತ್ತದೆ. ಅಡುಗೆ ಮಾಡಲು, ಮಲಗಲು, ಸ್ನಾನ ಮಾಡಲು ಸಹ ಜಾಗ ಇಲ್ಲದಷ್ಟು ತುಂಬಿಕೊಂಡು, ಒಂದು ಕಾಗದ ಬಿಡಲೂ ವಿಪರೀತ ಸಂಕಟಪಡುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಮಾನಸಿಕ ತೊಂದರೆ ಎಂದೇ ಗುರುತಿಸಿತು. ಅಂಥವರನ್ನು ಸೋಮಾರಿ, ಹೊಲಸು ಎಂದು ಬಯ್ಯಬೇಡಿ. ಬಲವಂತವಾಗಿ ಮನೆ ಖಾಲಿ ಮಾಡಬೇಡಿ. ಮನೋವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇಂದಿನ ಅಭ್ಯಾಸಕ್ಕೆ ಮೂರು ಸಂಗತಿಗಳು:

1. ನಿಮ್ಮದೇ ವಸ್ತುಗಳಿಂದ ಶುರು ಮಾಡಿ. ಭಿಕ್ಷುಗಳು ಹೆಚ್ಚಿನ ಚೀವರವನ್ನು ತಮ್ಮದೆಂದು 10 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂಬ ನಿಯಮ ವಿನಯದಲ್ಲಿದೆ. ನಾವು ಗೃಹಸ್ಥರು, ಆ ನಿಯಮ ನಮಗಿಲ್ಲ. ಆದರೂ ಹೆಚ್ಚಾದ ಒಂದೇ ಒಂದು ವಸ್ತುವನ್ನು ಆರಿಸಿ, ಹತ್ತು ದಿನದೊಳಗೆ ಅದು ಬೇಕಾದವರ ಕೈ ಸೇರುವಂತೆ ನೋಡಿಕೊಳ್ಳಿ.

2. ಮನೆಯ ಹಿರಿಯರ ವಸ್ತುವನ್ನು ಅವರು ಕೊಡದೆ ಮುಟ್ಟಬೇಡಿ. ಅದರ ಕಥೆ ಕೇಳಿ. ನಮ್ಮ ಜನರ ಚರಿತ್ರೆ ಎಷ್ಟೋ ಕಡೆ ಪುಸ್ತಕದಲ್ಲಿಲ್ಲ, ಅಟ್ಟದ ಮೇಲಿದೆ.

3. ನಿಮ್ಮ ಓಣಿಯಲ್ಲಿ ಯಾರಿಗೆ ಏನು ಬೇಕಾಗಿದೆ ಎಂದು ಇಂದು ಒಬ್ಬರನ್ನಾದರೂ ವಿಚಾರಿಸಿ. 'ಬೇಕಾದಾಗ ಯಾರು ಕೊಡ್ತಾರ' ಎಂದು ಕೇಳುವ ಒಬ್ಬ ಅವ್ವ ಅಲ್ಲೂ ಇದ್ದಾಳೆ. ನಮ್ಮ ಅವ್ವಂದಿರಿಗೆ ಇಷ್ಟು ಕಾಲ ಆ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾವು ಕೊಡೋಣ.

ಸರ್ವರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್. 🙏

(ಓದಿದ ಮೇಲೆ ನಿಮ್ಮ ಮನೆಯ ಗುಂಪಿಗೂ ಕಳಿಸಿ. ಹಿರಿಯರಿಗೆ ಓದಿ ಹೇಳಿ.)